ಆದಿತ್ಯವಾರದ ಎಣ್ಣೆಗೆ ಒಂದು ಹೂವು

ತೀರಿಕೊಂಡ ಅತ್ತೆಯ ಕಾರ್ಯಗಳನ್ನೆಲ್ಲ ಮುಗಿಸಿ ಸಿದ್ದಾಪುರದ ಕಡೆಯ ಊರಿನಿಂದ ಶಿರಸಿಯ ಬಾಡಿಗೆ ಮನೆಗೆ ಮರಳಿದ್ದು ಶನಿವಾರ. ಮರುದಿನ ಮಧ್ಯಾಹ್ನ ಊಟವಾದ ಮೇಲೆ, ಕೈಗೆ ರೂಢಿಯಾಗಿದ್ದರಿಂದ, ಶಾಲೆಯ ಚೀಲವನ್ನು ಗೋಡೆಯ ಗೂಟಕ್ಕೆ ತೂಗುಹಾಕಿದೆ. ಸೋಮವಾರ ಉಡುವ ಸೀರೆಯನ್ನು ಮಡಚಿ ಟ್ರಂಕಿನ ಕೆಳಗೆ ಇಟ್ಟೆ. ಅಷ್ಟಾದ ಮೇಲೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಅಲ್ಲಿಂದ ಮುಂದಿನದೆಲ್ಲ ಅತ್ತೆಯ ಕೆಲಸವಾಗಿತ್ತು. ಬಚ್ಚಲೊಲೆಯಲ್ಲಿ ಬೆಂಕಿ ಇರಲಿಲ್ಲ. ಹಂಡೆ ಬರಿದಾಗಿತ್ತು. ಸುಮ್ಮನೆ ಕುಳಿತರೆ ಸಂಜೆ ಕಳೆಯಲಾರದು ಅನ್ನಿಸಿ ಇದನ್ನು ಬರೆಯತೊಡಗಿದೆ.

ನಾನು ಓದಿದ್ದು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ. ಮಕ್ಕಳಿಂದ ಶುದ್ಧಬರಹ ಬರೆಸಿ ಗೊತ್ತೇ ಹೊರತು ನನ್ನದೆಂದು ಏನನ್ನೂ ಬರೆದು ಗೊತ್ತಿಲ್ಲ. ಆದರೂ ನನ್ನ ಅತ್ತೆ ನನಗೆ ಕಟ್ಟಿಕೊಟ್ಟ ಆದಿತ್ಯವಾರದ ಸಂಜೆಗಳ ಬಗ್ಗೆ ಬರೆಯಬಲ್ಲೆ. ಅವು ನನ್ನ ಮೈಗೇ ಗೊತ್ತಿವೆ.

ನಮ್ಮ ಮನೆಯವರು ಯಲ್ಲಾಪುರದ ಕಚೇರಿಯೊಂದರಲ್ಲಿ ಕಾರಕೂನರಾಗಿದ್ದರು. ನನಗೆ ಶಿರಸಿಯ ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಹಂಗಾಮಿ ಕೆಲಸ ಸಿಕ್ಕಿತ್ತು. ವಾರವೆಲ್ಲ ಅವರು ಅಲ್ಲಿ, ನಾನು ಇಲ್ಲಿ. ಶನಿವಾರ ರಾತ್ರಿಯ ಊಟಕ್ಕೆ ಬಂದು ಆದಿತ್ಯವಾರ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು. ನಮ್ಮ ಬಿಡಾರ ಬಸ್ ನಿಲ್ದಾಣಕ್ಕೆ ಹತ್ತಿರ. ಯಲ್ಲಾಪುರದ ಬಸ್ಸು ಹೊರಟು ತಿರುವಿನಲ್ಲಿ ಹಾರ್ನ್ ಹಾಕಿದರೆ ನಮ್ಮ ಜಗಲಿಗೆ ಕೇಳುತ್ತಿತ್ತು. ಕಿಟಕಿಯ ಪಕ್ಕ ಜಾಗ ಸಿಕ್ಕಿದ ದಿನ ಅವರು ಕೈ ಹೊರಗೆ ಹಾಕಿ ಬೀಸುತ್ತಿದ್ದರು; ತಿರುವಿನಲ್ಲಿ ನನಗೆ ಆ ಕೈ ಮಾತ್ರ ಕಾಣುತ್ತಿತ್ತು.

ಮದುವೆಯಾಗಿ ಹೆಚ್ಚು ವರ್ಷವಾಗಿರಲಿಲ್ಲ. ಒಂದು ಮಳೆಗಾಲ ಅವರಿಗೆ ಯಲ್ಲಾಪುರದಲ್ಲಿ ಜ್ವರ ಬಂತು. ನನಗೆ ಸುದ್ದಿ ತಲುಪುವ ಹೊತ್ತಿಗೆ ಜ್ವರ ನೆತ್ತಿಗೇರಿತ್ತು. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾರೆ.

ಹನ್ನೆರಡರ ದಿನ ಊರಿನ ಮನೆಯಲ್ಲಿ ಹಿರಿಯರು ನನ್ನ ತಲೆಯ ವಿಷಯ ಎತ್ತಿದರು. ಆಗಲೇ ಎಷ್ಟೋ ಮನೆಗಳಲ್ಲಿ ಆ ಪದ್ಧತಿ ಬಿಟ್ಟುಹೋಗುತ್ತಿತ್ತು, ಆದರೆ ನಮ್ಮ ಮನೆಯಲ್ಲಿ ಬಿಟ್ಟಿರಲಿಲ್ಲ. ಅತ್ತೆ ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡವರು. ಬೋಳಿಸಿದ ತಲೆ, ಮೇಲೆ ಕೆಂಪು ಸೀರೆಯ ಸೆರಗು. ನಾನು ಅವರನ್ನು ಬೇರೆ ರೀತಿಯಲ್ಲಿ ಕಂಡವಳೇ ಅಲ್ಲ. ಅಂದು ಅವರು ಅಡುಗೆಮನೆಯ ಬಾಗಿಲಲ್ಲಿ ಕುಳಿತಿದ್ದರು. ಮಗ ಹೋದಂದಿನಿಂದ ಯಾರೊಡನೆಯೂ ಮಾತಾಡಿರಲಿಲ್ಲ. ಮಾತಾಡಿದ್ದು ಆಗ.

"ಈ ಮನೇಲಿ ಒಂದು ತಲೆ ಸಾಕು. ಇದು ಶಾಲೆಗೆ ಹೋಪ ಕೂಸು."

ಹಿರಿಯರು ಸುಮ್ಮನಾದರು. ಸುಮ್ಮನಾದದ್ದು ಒಪ್ಪಿಕೊಂಡು ಅಲ್ಲ ಎಂಬುದು ನನಗೂ ಗೊತ್ತಿತ್ತು. ಶಾಲೆ ಇದೆ ಎಂಬ ಕಾರಣಕ್ಕೆ ಬಿಟ್ಟಿದ್ದರು. ಶಾಲೆ ತಪ್ಪಿದರೆ ನಾನು ಊರಿಗೆ, ಭಾವನವರ ಮನೆಯ ಅಡುಗೆಮನೆಗೆ ಮರಳಬೇಕು. ತಲೆಯ ಮಾತು ಮತ್ತೆ ಏಳುತ್ತದೆ.

ಆ ಶಾಲೆಯೇ ತಪ್ಪುವ ಹಾಗಾಯಿತು. ವಾರದ ಉಳಿದ ದಿನ ಹೇಗೋ ಕೆಲಸ ಮಾಡುತ್ತಿದ್ದೆ. ಆದಿತ್ಯವಾರ ಸಂಜೆ ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ಬಸ್ಸಿನ ಹಾರ್ನ್ ಕೇಳುವವರೆಗೆ ಜಗಲಿಯಲ್ಲಿ ಕಾಯುತ್ತಿದ್ದೆ. ಕೇಳಿದ ಮೇಲೆ ಅಲ್ಲಿಂದ ಏಳುತ್ತಿರಲಿಲ್ಲ. ಊಟ ಇಲ್ಲ, ನಿದ್ದೆ ಇಲ್ಲ. ಸೋಮವಾರ ತರಗತಿಯಲ್ಲಿ ಹಲಗೆಯ ಮೇಲೆ ಅರ್ಧ ವಾಕ್ಯ ಬರೆದು ನಿಂತುಬಿಡುತ್ತಿದ್ದೆ. ಮಕ್ಕಳು ಕಾದು ಕಾದು ಆಟಕ್ಕೆ ತೊಡಗುತ್ತಿದ್ದವು. ಹೆಡ್‌ಮಾಸ್ತರು ಒಳ್ಳೆಯವರೇ. ಒಂದು ದಿನ ಕರೆದು, ಹೀಗೆಯೇ ಆದರೆ ನಿಮ್ಮನ್ನು ಕಾಯಂ ಮಾಡಿ ಎಂದು ನಾನು ಮೇಲಿನವರಿಗೆ ಹೇಗೆ ಹೇಳಲಿ ಎಂದು ಕೇಳಿದರು. ಗದರಿಸಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ಮೆಲ್ಲಗೆ ಹೇಳಿದರು.

ಇದು ಅತ್ತೆಗೆ ಹೇಗೆ ತಿಳಿಯಿತೋ, ನಾನಂತೂ ಹೇಳಲಿಲ್ಲ. ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ ಜಗಲಿಯ ಮೇಲೆ ಒಂದು ಟ್ರಂಕು, ತಾಮ್ರದ ಹಂಡೆ, ಪಕ್ಕದಲ್ಲಿ ಅತ್ತೆ. ಹಂಡೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದರು. ಪೇಟೆಯಲ್ಲಿ ಹಂಡೆ ಸಿಗುವುದಿಲ್ಲವೇ ಎಂದೆ. ಇದರಲ್ಲಿ ಕಾದ ನೀರು ಬೇಗ ಆರುವುದಿಲ್ಲ ಎಂದರು. ಎಷ್ಟು ದಿನಕ್ಕೆ ಬಂದಿದ್ದೀರಿ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಂದ ವಾರವೇ ಕಟ್ಟಳೆಗಳು ಶುರುವಾದವು. ಮಕ್ಕಳ ಪುಸ್ತಕ ತಿದ್ದುವುದಿದ್ದರೆ ಶನಿವಾರವೇ ಮುಗಿಯಬೇಕು. ಆದಿತ್ಯವಾರ ಮಧ್ಯಾಹ್ನದ ಊಟವಾದ ಮೇಲೆ ಚೀಲ ಗೂಟಕ್ಕೆ. ಮರುದಿನ ಬೆಳಿಗ್ಗೆಯವರೆಗೆ ಅದನ್ನು ಮುಟ್ಟುವ ಹಾಗಿಲ್ಲ. ಸೋಮವಾರದ ಸೀರೆ ಆಗಲೇ ಮಡಿಕೆಯಾಗಬೇಕು, ಬೆಳಿಗ್ಗೆ ಹುಡುಕಾಟ ಇರಬಾರದು. ಬಿಸಿಲು ಇಳಿಯುವ ಹೊತ್ತಿಗೆ ಅವರು ಬಚ್ಚಲೊಲೆ ಹಚ್ಚುತ್ತಿದ್ದರು. ನಾನು ಅಂಗಳದ ದಾಸವಾಳದ ಸೊಪ್ಪು ಕೊಯ್ದು, ನೀರಿನಲ್ಲಿ ಕಿವುಚಿ, ತಲೆಗೆ ಹಚ್ಚುವ ಗೊಂಪು ಮಾಡಬೇಕು. ಅಷ್ಟೇ ನನ್ನ ಕೆಲಸ. ಕೈಗೆ ತಣ್ಣಗೆ ಲೋಳೆ ಹತ್ತುವ ಆ ಕೆಲಸ ಮಾಡುವಾಗ ಬೇರೆ ಏನನ್ನೂ ಹಿಡಿಯಲು ಆಗುವುದಿಲ್ಲ. ಅದಕ್ಕೇ ಅದನ್ನು ನನಗೆ ಕೊಟ್ಟಿದ್ದರೇನೋ.

ಮೊದಲನೆಯ ಸಲ ಎಣ್ಣೆ ಹಚ್ಚುತ್ತೇನೆ ಬಾ ಎಂದಾಗ ನಾನು ಬೇಡವೆಂದೆ. ನನಗೆ ಇನ್ನು ಎಣ್ಣೆ ನೀರು ಏಕೆ ಎಂದು ಹೇಳಿದ ನೆನಪು. ಅವರು ಮಣೆ ಹಾಕಿ, ಅದರ ಮುಂದೆ ಕಾದ ಎಣ್ಣೆಯ ಬಟ್ಟಲು ಇಟ್ಟು, ಕಾಯುತ್ತ ಕುಳಿತರು.

"ನಾಳೆ ಅಷ್ಟು ಹುಡುಗ್ರ ಎದುರು ನಿಲ್ಲದು ಈ ಮೈಯೇ ಅಲ್ದ? ಅದಕ್ಕೆ ವಾರಕ್ಕೆ ಒಂದು ಸಂಜೆನಾದ್ರೂ ಕೊಡಕ್ಕು ತಂಗಿ."

ನಾನು ಕುಳಿತೆ. ಕೊಬ್ಬರಿ ಎಣ್ಣೆಗೆ ಒಂದೆರಡು ಕಾಳುಮೆಣಸು ಹಾಕಿ ಕಾಯಿಸಿದ್ದರು, ಶೀತವಾಗದ ಹಾಗೆ. ಒಲೆಯಿಂದ ಇಳಿಸಿದ ಮೇಲೆ ಅದರಲ್ಲಿ ಒಂದು ಹೂವು ಬಿಟ್ಟಿದ್ದರು. ಅದೇಕೆಂದು ನನಗೂ ಗೊತ್ತಿತ್ತು. ಆದಿತ್ಯವಾರ ತಲೆಗೆ ಎಣ್ಣೆ ಹಚ್ಚಬಾರದು, ಹಚ್ಚಿದರೆ ತಾಪ ಎಂದು ನಮ್ಮಲ್ಲಿ ಹೇಳುತ್ತಾರೆ. ಹಚ್ಚಲೇಬೇಕಾಗಿ ಬಂದರೆ ಎಣ್ಣೆಗೆ ಹೂವು ಹಾಕಬೇಕು, ಆಗ ದೋಷವಿಲ್ಲ. ಅತ್ತೆ ಪದ್ಧತಿ ಬಿಡುವವರಲ್ಲ. ಅವರ ಬೆರಳು ನೆತ್ತಿಯ ಮೇಲೆ ನಿಧಾನವಾಗಿ ಸುತ್ತುತ್ತಿದ್ದವು. ಆ ಬೆರಳುಗಳಿಗೆ ಕೂದಲ ಸಿಕ್ಕು ಬಿಡಿಸುವುದು ಅಷ್ಟು ಚೆನ್ನಾಗಿ ಇನ್ನೂ ನೆನಪಿತ್ತು. ಅವರ ಸ್ವಂತ ಕೂದಲು ಹೋಗಿ ಎಷ್ಟು ವರ್ಷವಾಗಿತ್ತೋ.

ಆಮೇಲೆ ಬಚ್ಚಲು. ನನ್ನನ್ನು ಕುಳ್ಳಿರಿಸಿ ಅವರೇ ಚೊಂಬಿನಿಂದ ನೀರು ಹೊಯ್ಯುತ್ತಿದ್ದರು. ಒಂದರ ಹಿಂದೆ ಒಂದು, ಉಸಿರು ಬಿಡಲು ಸ್ವಲ್ಪ ಎಡೆ ಕೊಟ್ಟು ಮತ್ತೆ. ಕಿವಿಯ ತುಂಬ ನೀರಿನ ಸದ್ದು. ಮೊದಲ ದಿನ ಬಚ್ಚಲಿನಿಂದ ಹೊರಗೆ ಬಂದು ಒಲೆಯ ಮುಂದೆ ಕೂದಲು ಆರಿಸುತ್ತ ಕುಳಿತಾಗ, ಹಾರ್ನ್ ಕೇಳಲಿಲ್ಲವಲ್ಲ ಎಂದು ನೆನಪಾಯಿತು. ಬಸ್ಸು ಹೋಗಿ ಬಹಳ ಹೊತ್ತಾಗಿತ್ತು.

ಅದು ಆಕಸ್ಮಿಕವೆಂದೇ ಕೆಲವು ಕಾಲ ತಿಳಿದಿದ್ದೆ. ಮುಂದೆ ಯಲ್ಲಾಪುರದ ಬಸ್ಸಿನ ವೇಳೆ ಬದಲಾಯಿತು, ಸ್ವಲ್ಪ ಬೇಗ ಹೊರಡತೊಡಗಿತು. ಆ ವಾರ ಅತ್ತೆ ಬಿಸಿಲಿರುವಾಗಲೇ ಒಲೆ ಹಚ್ಚಿದರು.

ನನ್ನ ಸ್ನಾನವಾದ ಮೇಲೆ ಅವರದು. ಎಣ್ಣೆ ಮುಟ್ಟಿದ್ದಕ್ಕೆ ಅವರೂ ಮೀಯಬೇಕಿತ್ತು. ಉಳಿದ ನೀರಿಗೆ ತಣ್ಣೀರು ಬೆರೆಸಿಕೊಂಡು, ಬಾಗಿಲು ಹಾಕಿಕೊಂಡು ತುಂಬ ಹೊತ್ತು ಮೀಯುತ್ತಿದ್ದರು. ನನಗೆ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಆ ಬಸ್ಸಿನಲ್ಲಿ ಹೋಗುತ್ತಿದ್ದದ್ದು ಅವರ ಮಗನೂ ಹೌದು. ಹೊರಗೆ ಬಂದಾಗ ಮುಖ ಕೆಂಪಾಗಿರುತ್ತಿತ್ತು. ಬಿಸಿನೀರಿಗೆ ಎಲ್ಲರ ಮುಖವೂ ಕೆಂಪಾಗುತ್ತದೆ.

ಊಟ ಕತ್ತಲಾಗುವ ಮೊದಲೇ. ಮೆತ್ತಗಿನ ಅನ್ನ, ಒಂದೆಲಗದ ತಂಬುಳಿ. ಅವರಿಗೆ ರಾತ್ರಿ ಅನ್ನವಿಲ್ಲ, ಹಾಲು ಅವಲಕ್ಕಿ. ಕೊನೆಗೆ ಇಬ್ಬರಿಗೂ ಜೀರಿಗೆ ಕೊತ್ತಂಬರಿಯ ಕಷಾಯ. ಕಷಾಯ ಕುಡಿಯುವಾಗ ಎಮ್ಮೆಗಳ ಸುದ್ದಿ ಹೇಳುತ್ತಿದ್ದರು, ಯಾವ ಎಮ್ಮೆ ಯಾರನ್ನು ಎಲ್ಲಿ ಒದ್ದಿತ್ತು ಎಂದು. ಸತ್ತವರ ಸುದ್ದಿ ಆ ಸಂಜೆ ಎತ್ತುತ್ತಿರಲಿಲ್ಲ. ಬೇರೆ ದಿನ ನಾನು ಮಾತು ತೆಗೆದರೆ ಕೇಳುತ್ತಿದ್ದರು, ತಾವೂ ಹೇಳುತ್ತಿದ್ದರು. ಆದಿತ್ಯವಾರ ಸಂಜೆ ಮಾತ್ರ ಎಮ್ಮೆಗಳು.

ಒಂದೇ ವಾರದಲ್ಲಿ ನಿದ್ದೆ ಬಂದುಬಿಟ್ಟಿತು ಎಂದೇನಿಲ್ಲ. ಮೊದಲು ಕಾಲು ಬೆಚ್ಚಗಾಗತೊಡಗಿತು. ಆಮೇಲೆ ಒಂದು ಆದಿತ್ಯವಾರ ಎಮ್ಮೆಯ ಕಥೆ ಪೂರ್ತಿ ಕೇಳದೆ ನಿದ್ದೆ ಹೋಗಿದ್ದೆ. ಬೆಳಿಗ್ಗೆ ಎದ್ದು, ಆ ಎಮ್ಮೆ ಕೊನೆಗೆ ಏನಾಯಿತು ಎಂದು ಕೇಳಿದಾಗ ಅತ್ತೆಯ ಮುಖದಲ್ಲಿ ಕಂಡ ಸಂತೋಷವನ್ನು ನಾನು ಮರೆತಿಲ್ಲ. ಅದು ಕರು ಹಾಕಿತು, ಇನ್ನೇನಾಗಬೇಕು, ಎಂದು ದೋಸೆ ಹೊಯ್ಯಲು ಎದ್ದರು.

ಮನೆಯ ಮಾಲಕರು ಬನವಾಸಿ ಕಡೆಯವರು, ಪೇಟೆಯಲ್ಲಿ ಬೆಲ್ಲ ಮೆಣಸಿನಕಾಯಿ ವ್ಯಾಪಾರ. ಅವರ ಹೆಂಡತಿ ಗೋಡೆಯಾಚೆ ಇದ್ದರು. ಬಾವಿ ಎರಡೂ ಮನೆಗೆ ಒಂದೇ. ಗಟ್ಟಿ ಬಾಯಿ, ಕಂಡದ್ದನ್ನು ಕೇಳದೆ ಬಿಡುವವರಲ್ಲ. ಒಂದು ಸಂಜೆ ನೀರು ಸೇದುತ್ತ ನಮ್ಮ ಹಿತ್ತಿಲ ಬಾಗಿಲಲ್ಲಿ ಎಣ್ಣೆಯ ಬಟ್ಟಲು ಕಂಡರು.

"ಏನ್ರಿ ಅಮ್ಮಾರ, ಆದಿತವಾರ ಎಣ್ಣಿ ಹಚ್ಚಾಕ ಹತ್ತೀರಿ? ತಾಪ ಅಂತಾರಲ್ರಿ."

"ಹೂವು ಹಾಕಿದ್ದೆ. ಹೂವು ಹಾಕಿದ್ರೆ ದೋಷ ಇಲ್ಲೆ," ಎಂದರು ಅತ್ತೆ.

"ದಿನದ ಮಾತು ಹೋಗ್ಲಿ ಬಿಡ್ರಿ. ಅಕ್ಕೋರಿಗೆ ಈಗ ಎಣ್ಣಿ, ನೀರು ಅಂದ್ರ..."

"ಮಾತಾಡ್ತಾ ಹಗ್ಗ ಬಿಟ್ಟಿಕ್ಕಡ. ಕೊಡ ಬಾವಿಗೆ ಹೋಗ್ತು."

ಅವರು ಹಗ್ಗ ಗಟ್ಟಿಯಾಗಿ ಹಿಡಿದರು. ಮಾತು ಅಲ್ಲಿಗೆ ನಿಂತಿತು. ನಾನು ತಲೆ ಬಗ್ಗಿಸಿ ನಗು ತಡೆದುಕೊಂಡೆ. ಅವರು ಹೋದ ಮೇಲೆ ನಗಬೇಕೆನಿಸಿದ್ದು ನೆನಪಾಗಿ ನನಗೇ ಆಶ್ಚರ್ಯವಾಯಿತು.

ಹೂವಿನ ವಿಷಯದಲ್ಲಿ ಅತ್ತೆಯದು ವಿಚಿತ್ರ ಹಟ. ನಮ್ಮ ಅಂಗಳದಲ್ಲಿ ದಾಸವಾಳ ವರ್ಷವಿಡೀ ಅರಳುತ್ತಿತ್ತು. ಅದರ ಸೊಪ್ಪು ಬೇಕು, ಹೂವು ಬೇಡ. ಶನಿವಾರದಿಂದಲೇ ಹುಡುಕಾಟ. ದೇವಸ್ಥಾನದ ಹಿಂದಿನ ಸುರಗಿ, ಯಾರದೋ ಬೇಲಿಯ ಮಲ್ಲಿಗೆ. ಬಕುಳದ ಕಾಲದಲ್ಲಿ ಮರದಡಿ ಆರಿಸಿ, ದಾರಕ್ಕೆ ಪೋಣಿಸಿ, ಮಳೆಗಾಲಕ್ಕೆಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಒಣಗಿದರೂ ಅದರ ವಾಸನೆ ಹೋಗುವುದಿಲ್ಲ. ಒಮ್ಮೆ ಏನೂ ಸಿಗದೆ ಅವರು ಸಪ್ಪಗಿದ್ದಾಗ ನಾನು ಒಂದು ದಾಸವಾಳ ಕೊಯ್ದು ತಂದೆ. ಬೇಡ, ಅದಕ್ಕೆ ವಾಸನೆ ಇಲ್ಲ ಎಂದರು.

"ದೋಷ ಹೋಪಲೆ ವಾಸನೆ ಎಂತಕ್ಕೆ ಅತ್ತೆ?"

"ನೀನು ಪಾಠ ಹೇಳದು ನಾಳೆ. ಇಂದು ತಲೆ ಬಗ್ಗಿಸು."

ಇಷ್ಟೆಲ್ಲ ಪಾಡು ಏಕೆ ಎಂದು ನನಗೆ ಅನ್ನಿಸುತ್ತಿತ್ತು. ಶನಿವಾರ ಬೆಳಗಿನ ಶಾಲೆ ಮಾತ್ರ, ಮಧ್ಯಾಹ್ನದಿಂದ ನಾನು ಮನೆಯಲ್ಲೇ ಇರುತ್ತಿದ್ದೆ. ಅಂದು ಎಣ್ಣೆ ಹಚ್ಚಿದರೆ ಯಾವ ದೋಷವೂ ಇಲ್ಲ. ಆದಿತ್ಯವಾರಕ್ಕೆ ಬರಿಯ ಬಿಸಿನೀರು ಸಾಕು. ಹಾಗೆಂದು ಹೇಳಿದೆ. ಅತ್ತೆ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಬೆರಳಿಗೆ ಸುತ್ತಿದರು.

"ಶನಿವಾರದ ಎಣ್ಣೆಗೆ ಹೂವು ಹಾಕ ಪದ್ಧತಿ ಇಲ್ಲೆ," ಎಂದರು.

ಅದನ್ನೇ ಅಲ್ಲವೇ ನಾನೂ ಹೇಳುತ್ತಿರುವುದು ಎಂದುಕೊಂಡೆ.

ಅರ್ಥವಾದದ್ದು ಶಾಲೆಯಲ್ಲಿ. ಒಂದು ಸೋಮವಾರ ಎರಡನೆಯ ಇಯತ್ತೆಯ ಹುಡುಗಿಯೊಬ್ಬಳಿಗೆ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದೆ. ಅವಳು ಬರೆಯುವುದು ಬಿಟ್ಟು ನನ್ನ ತಲೆಯ ಹಿಂದೆ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಏನೆಂದು ಕೇಳಿದೆ.

"ಅಕ್ಕೋರೇ, ಹೂ ಎಲ್ಲಿ ಮುಡ್ಕೊಂಡೀರಿ? ಕಾಣೂದೇ ಇಲ್ಲ."

ನಾನು ಅವಳ ಕೈ ಹಿಡಿದುಕೊಂಡೇ ಕುಳಿತೆ. ಆ ವಾರ ಸುರಗಿ ಸಿಕ್ಕಿತ್ತು. ಗಂಡ ಹೋದ ಹೆಂಗಸಿಗೆ ಹೂವು ಮುಡಿಸಲು ನಮ್ಮಲ್ಲಿ ಯಾವ ದಾರಿಯೂ ಇಲ್ಲ. ಅತ್ತೆಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ವಾರದ ಏಳು ದಿನಗಳಲ್ಲಿ ಹೂವಿಲ್ಲದೆ ಎಣ್ಣೆ ಹಚ್ಚಲೇಬಾರದ ದಿನವೊಂದನ್ನು ಅವರು ನನಗಾಗಿ ಆರಿಸಿದ್ದರು. ಯಾರೂ ತಪ್ಪು ಹೇಳುವಂತಿಲ್ಲ, ಪದ್ಧತಿಯೇ ಹಾಗಿದೆ. ಮನೆಗೆ ಹೋಗಿ ಅವರಿಗೆ ಏನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ. ಮನೆಯಲ್ಲಿ ಅವರು ಅಕ್ಕಿ ಆರಿಸುತ್ತಿದ್ದರು. ನಾನೂ ಕುಳಿತು ಅಕ್ಕಿ ಆರಿಸಿದೆ.

ಆ ವರ್ಷವೇ ಶಿಕ್ಷಣ ಇಲಾಖೆಯ ದಿಪೋಟಿ ಸಾಹೇಬರ ತಪಾಸಣೆ ಬಂತು. ಅವರು ಸೋಮವಾರ ಬರುತ್ತಾರೆಂದು ಹೆಡ್‌ಮಾಸ್ತರು ಹೇಳಿಕಳಿಸಿದ್ದು ಆದಿತ್ಯವಾರ ಮಧ್ಯಾಹ್ನದ ಮೇಲೆ. ನನ್ನ ಕೆಲಸ ಕಾಯಮಾಗುವುದೋ ತಪ್ಪುವುದೋ ಅಂದೇ ತೀರ್ಮಾನ. ಪಾಠದ ಟಿಪ್ಪಣಿ ಮತ್ತೊಮ್ಮೆ ಬರೆಯಬೇಕು, ಲೆಕ್ಕಗಳನ್ನು ಮಾಡಿ ನೋಡಬೇಕು ಎಂದು ಚೀಲ ತೆಗೆಯಲು ಹೋದರೆ ಅತ್ತೆ ಗೂಟದ ಕೆಳಗೆ ಗೋಡೆಗೆ ಒರಗಿ ಕುಳಿತಿದ್ದಾರೆ, ಮುಂದೆ ಬತ್ತಿ ಹೊಸೆಯುವ ಹತ್ತಿ ಹರಡಿಕೊಂಡು. ಅವರನ್ನು ದಾಟದೆ ಚೀಲ ಸಿಗುವುದಿಲ್ಲ. ಇವತ್ತೊಂದು ದಿನ ಬಿಡಿ ಎಂದು ಬೇಡಿಕೊಂಡೆ. ಕೆಲಸ ಹೋದರೆ ಏನಾಗುತ್ತದೆ ಗೊತ್ತಲ್ಲ ಎಂದೆ, ಸ್ವಲ್ಪ ದೊಡ್ಡ ದನಿಯಲ್ಲೇ. ಗೊತ್ತು ಎನ್ನುವಂತೆ ಅವರ ಕೈ ಸೆರಗಿನ ಮೇಲೆಯೇ ತಲೆಗೆ ಹೋಗಿ ಬಂತು. ಆದರೆ ಏಳಲಿಲ್ಲ.

"ಆ ಚೀಲದಲ್ಲಿ ಇಪ್ಪದೆಲ್ಲ ನಿಂಗೆ ಗೊತ್ತಿದ್ದು. ನಿದ್ದೆಗೆಟ್ಟು ಹೋದ್ರೆ ಅದೂ ಬಾಯಿಗೆ ಬತ್ತಿಲ್ಲೆ. ಗೊಂಪು ಮಾಡು, ಹೋಗು."

ಸಿಟ್ಟಿನಿಂದಲೇ ಸೊಪ್ಪು ಕಿವುಚಿದೆ. ಸಿಟ್ಟಿನಿಂದಲೇ ಮಣೆಯ ಮೇಲೆ ಕುಳಿತೆ. ಮಳೆಗಾಲ, ಡಬ್ಬಿಯ ಬಕುಳಕ್ಕೆ ಬೂಸ್ಟು ಹಿಡಿದಿತ್ತು. ಎಣ್ಣೆ ಕಾದಿತ್ತು, ಹೂವಿಲ್ಲ. ಅತ್ತೆ ದಾಸವಾಳದ ಗಿಡದ ಕಡೆ ನೋಡುವುದನ್ನು ಅಂದು ಮೊದಲ ಸಲ ಕಂಡೆ. ಅಷ್ಟರಲ್ಲಿ ಬಾವಿಯ ಆಚೆಯಿಂದ ಮಾಲಕರ ಹೆಂಡತಿ ಮಳೆಗೆ ಗೊರಬು ಹೊದ್ದು ಬಂದರು. ಬಾಳೆಲೆಯ ಚೂರಿನಲ್ಲಿ ಸುತ್ತಿದ ಒಂದು ಸಂಪಿಗೆಯನ್ನು ಮೆಟ್ಟಿಲ ಮೇಲೆ ಇಟ್ಟರು. ಅವರ ತಂಗಿಯ ಮನೆಯ ಮರದ್ದಂತೆ.

"ಪದ್ಧತಿ ತಪ್ಪಬಾರದಲ್ರಿ ಅಮ್ಮಾರ," ಎಂದರು. ನನ್ನ ಕಡೆ ನೋಡಲಿಲ್ಲ. ಅತ್ತೆ ಹೂವನ್ನು ಎಣ್ಣೆಗೆ ಬಿಟ್ಟರು. ಎಣ್ಣೆಗೆ ಹೂವು ಏಕೆಂಬುದು ಮಾಲಕರ ಹೆಂಡತಿಗೆ ಎಂದಿನಿಂದ ತಿಳಿದಿತ್ತೋ, ನನಗೆ ಗೊತ್ತಿಲ್ಲ.

ಅಂದು ರಾತ್ರಿ ಮಲಗಿದ್ದಷ್ಟೇ ನೆನಪು. ಮರುದಿನ ದಿಪೋಟಿ ಸಾಹೇಬರು ಹಿಂದಿನ ಸಾಲಿನಲ್ಲಿ ಕುಳಿತು ನನ್ನ ಪಾಠ ಕೇಳಿದರು. ಹಲಗೆಯ ಮೇಲೆ ಬರೆದ ವಾಕ್ಯಗಳೆಲ್ಲ ಪೂರ್ತಿಯಾದವು. ಮುಂದೆ ಕಾಯಂ ಹುಕುಂ ಬಂದಾಗ ಅತ್ತೆಗೆ ಓದಿ ಹೇಳಿದೆ. ಒಳ್ಳೆಯದಾಯಿತು ಎಂದರು. ಊರಿಗೆ ಹೋಗಿ ಹಿರಿಯರಿಗೂ ತಾವೇ ಹೇಳಿಬಂದರು. ತಲೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಕಾಯಮಾಯಿತೆಂದು ಅತ್ತೆ ಹೊರಡಲಿಲ್ಲ, ಆದಿತ್ಯವಾರಗಳೂ ನಿಲ್ಲಲಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ತಡೆದುಕೊಳ್ಳುವಷ್ಟು ನಾನು ಗಟ್ಟಿಯಾದ ಮೇಲೂ ಅವರು ಅದೇ ಹೊತ್ತಿಗೆ ನೀರು ಹೊಯ್ದರು. ಆಗ ಅದು ಯಾರಿಗಾಗಿ ಎಂದು ನಾನು ಕೇಳಿಕೊಂಡದ್ದುಂಟು.

ಈ ಚಳಿಗಾಲದಲ್ಲಿ ಅವರು ಮಲಗಿದರು. ಏಳಲು ಆಗದ ಮೇಲೆ ಒಂದು ಆದಿತ್ಯವಾರ ನಾನೇ ಒಲೆ ಹಚ್ಚಿ, ಎಣ್ಣೆ ಕಾಯಿಸಿ, ಅವರ ಹಾಸಿಗೆಯ ಪಕ್ಕ ಕುಳಿತು ಸೆರಗು ಸರಿಸಿದೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಆ ತಲೆಯನ್ನು ನಾನು ಮುಟ್ಟಿರಲಿಲ್ಲ. ಅವರು ಕಣ್ಣು ಬಿಟ್ಟರು.

"ಬೋಳು ತಲೆಗೆ ಎಂತ ಎಣ್ಣೆನೇ? ನೊಣ ಕೂತ್ರೆ ಜಾರಿ ಬೀಳ್ತು."

ಬಿದ್ದರೆ ಬೀಳಲಿ ಎಂದೆ. ನನ್ನ ಕೈಯ ಬಟ್ಟಲಿನ ಕಡೆ ಅವರ ಕಣ್ಣು ಹೋಯಿತು. ಬಕುಳ ಹಾಕಿದ್ದೆ, ಅವರೇ ಪೋಣಿಸಿಟ್ಟದ್ದು. ಅದನ್ನು ನೋಡಿದರು, ಆಮೇಲೆ ನನ್ನನ್ನು. ತಲೆಯನ್ನು ಸ್ವಲ್ಪ ನನ್ನ ಕಡೆ ವಾಲಿಸಿದರು. ಅವರು ನನಗೆ ಹಚ್ಚುತ್ತಿದ್ದ ಹಾಗೆಯೇ ನಿಧಾನವಾಗಿ ಹಚ್ಚಿದೆ. ಆ ತಲೆಗೆ ಹೂವಿನ ವಾಸನೆ ತಗಲದೆ ಒಂದು ಆಯುಷ್ಯವೇ ಕಳೆದಿತ್ತು. ತಿರುವಿನಲ್ಲಿ ಬಸ್ಸು ಹಾರ್ನ್ ಹಾಕಿತು. ಇಬ್ಬರೂ ಕೇಳಿಸಿಕೊಂಡೆವು. ಅವರು ಕಣ್ಣು ಮುಚ್ಚಿಕೊಂಡು, ಆ ಎಮ್ಮೆಯ ಕಥೆ ಹೇಳು ಎಂದರು.

ಇಷ್ಟು ಬರೆಯುವ ಹೊತ್ತಿಗೆ ಬಿಸಿಲು ಇಳಿದಿದೆ. ಈಗಷ್ಟೇ ಮಾಲಕರ ಹೆಂಡತಿ ಹಿತ್ತಿಲ ಬಾಗಿಲಿಗೆ ಬಂದು, ಮೆಟ್ಟಿಲ ಮೇಲೆ ಎಲೆಯ ಪೊಟ್ಟಣ ಇಟ್ಟು, "ನೀರು ಸೇದಿ ಹಂಡೇಕ ಹಾಕೀನ್ರಿ ಅಕ್ಕೋರ, ಒಲಿ ಹಚ್ಚರಿ," ಎಂದು ಹೇಳಿ ಹೋದರು. ನಾಳೆ ಸೋಮವಾರ. ದಾಸವಾಳದ ಸೊಪ್ಪು ಕೊಯ್ಯಬೇಕು, ಎಣ್ಣೆ ಕಾಯಲು ಇಡಬೇಕು. ಬಸ್ಸು ಹೊರಡಲು ಇನ್ನೂ ಸ್ವಲ್ಪ ಹೊತ್ತಿದೆ.